ವಜಾ

ಪುಟಕ್ಕೆ ಎಂಬತ್ತು ರೂಪಾಯಿ ನನ್ನ ದರ.
ಕೋರ್ಟಿನ ಗೇಟಿನೆದುರು, ಝೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ
ಒಂದು ಕಬ್ಬಿಣದ ಟೇಬಲ್ಲು, ಹನ್ನೊಂದು ವರ್ಷ.
ಇಂಗ್ಲಿಷಿನಿಂದ ಕನ್ನಡಕ್ಕೆ,
ನಿಜಾಮನ ಕಾಲದ ಉರ್ದು ಕಾಗದದಿಂದ ಎರಡಕ್ಕೂ.
ಇವತ್ತು ಬಂದದ್ದು ಒಂದೇ ಹಾಳೆ,
ಹಾಳೆಯ ನಡುವೆ ಒಂದೇ ಸಾಲು,
ಸಾಲಿನಲ್ಲಿ ಲೆಕ್ಕಕ್ಕೆ ಬರುವುದು ಒಂದೇ ಪದ.

ಲಾಡ್ಲೇಸಾಬ ಸ್ಟೂಲಿನ ತುದಿಗೆ ಕೂತಿದ್ದಾನೆ.
ಕಪನೂರಿನ ದಾಲ್‌ಮಿಲ್ಲುಗಳಿಗೆಲ್ಲ ಫಿಟ್ಟರ್,
ಹುಬ್ಬಿನ ಕೂದಲಲ್ಲೂ ತೊಗರಿ ಹೊಟ್ಟಿನ ಪುಡಿ.
‘ಓದ್ರಿ ಮಾಸ್ತರ, ಏನಂತಾರ?’
ವಜಾ, ಅಂದೆ.
ಅವನ ಮುಖ ಅರಳಿತು.
‘ಹಾಂ, ಅದನ್ನೇ ಕೇಳ್ಲಾಕತ್ತೀನ್ರಿ. ಏನು ವಜಾ?’

ಅವನ ಮನೆಮಾತಿನಲ್ಲಿ ಆ ಸಪ್ಪಳಕ್ಕೆ ಕಾರಣ ಎಂದರ್ಥ.
ಕೋರ್ಟಿನ ಮಾತಿನಲ್ಲಿ, ಮುಗಿಯಿತು, ಏಳು.
ಒಂದೇ ಬೀದಿಯ ಎರಡು ಬಾಗಿಲು.
ನಾನು ಇಷ್ಟು ವರ್ಷ ಎರಡರಲ್ಲೂ ಹೊಕ್ಕು ಹೊರಬಂದಿದ್ದೇನೆ,
ನಡುವಿನ ಗೋಡೆಗೆ ತಲೆ ಬಡಿದದ್ದು ಇವತ್ತೇ.

ಕೆಳಗಿನ ಕೋರ್ಟಿನಲ್ಲಿ ನಾನೇ ಅವನ ಬಾಯಿ.
ಕಂಪನಿಯವರ ಪೇಟೆಂಟು ನಲವತ್ತೊಂದು ಪುಟ:
ಎಮರಿ ರೋಲರಿನ ಮೇಲೆ ಓರೆಯಾಗಿ ಕೊರೆದ ಗೀರು,
ಹದಿನೇಳು ಡಿಗ್ರಿ,
ಕಾಳು ಒಡೆಯದೆ ಸಿಪ್ಪೆ ಕಳಚುವ ವಿಧಾನ.
ಆ ಇಂಗ್ಲಿಷು ಎಷ್ಟು ಪಾಲೀಶು ಅಂದರೆ
ತೊಗರಿ ಅಂತ ಎಲ್ಲೂ ಇರಲಿಲ್ಲ.
‘ದ್ವಿದಳ ಧಾನ್ಯ’ ಅಂತ ನಾನೂ ಬರೆದೆ,
ಪುಟಕ್ಕೆ ಎಂಬತ್ತು ತಗೊಂಡೆ.

ನೀವು ಮೊದಲು ಕೊರೆದದ್ದು ಯಾವ ಇಸವಿ?
‘ಭೀಮಾ ನೀರು ಸೇತುವಿ ಮ್ಯಾಲ ಹರಿದಿತ್ತಲ್ರಿ,
ಅದರ ಮುಂದಿನ ರಾಶಿಗಿ.’
ಇಸವಿ ಹೇಳಿ.
‘ನಮ್ಮ ತಸ್ಲೀಮಾ ಆಗಿನ್ನಾ ಗ್ವಾಡಿ ಹಿಡದು ನಡಿತಿದ್ಲು.’
ದಾಖಲೆ ಏನಿದೆ?
ಅಂಗಿಯ ಒಳಜೇಬಿನಿಂದ ತೆಗೆದ,
ಡಾಲ್ಡಾ ಡಬ್ಬಿಯ ತಗಡು, ಮೂರು ಮೂಲೆ.
ತಾಳೆಮರದ ಅರ್ಧ ಚಿತ್ರ ಇನ್ನೂ ಹಸಿರು,
ಒಂದು ಮೂಲೆ ಮಾತ್ರ ಹೆಬ್ಬೆರಳು ಸವರಿ ಸವರಿ ಬೆಳ್ಳಿ.
ಗೀರು ಎಳೆಯುವ ಮುಂಚೆ ಅದನ್ನಿಟ್ಟು ನೋಡುತ್ತಿದ್ದನಂತೆ.
ನಿಶಾನೆ ಡಿ-೧೪ ಅಂತ ಚೀಟಿ ಹಚ್ಚಿದರು.
ತಗಡಿಗೆ ತಾರೀಖು ಇರಲಿಲ್ಲ.

ಆ ಓರೆ ಎಷ್ಟಿರಬೇಕೆಂದು ಹೇಗೆ ಗೊತ್ತಾಯಿತು, ಅಂದಾಗ
‘ಹದ’ ಅಂದಿದ್ದ.
ಎಲ್ಲರೂ ನನ್ನ ಕಡೆ ನೋಡುತ್ತಿದ್ದರು.
ಹದಕ್ಕೆ ಇಂಗ್ಲಿಷು ಸಿಗಲಿಲ್ಲ.
ಗಡಿಬಿಡಿಯಲ್ಲಿ ‘ಸುಮಾರು’ ಅನ್ನುವ ಮಾತು ಕೊಟ್ಟೆ.
ಕಂಪನಿಯ ವಕೀಲರು ಆ ಸುಮಾರನ್ನು
ಚಿಮಟಿಗೆಯಲ್ಲಿ ಹಿಡಿದು ಮೇಲೆತ್ತಿ ತೋರಿಸಿದರು.
ಇದನ್ನು ನಾನು ಲಾಡ್ಲೇಸಾಬನಿಗೆ ಇನ್ನೂ ಹೇಳಿಲ್ಲ.

ಈಚೆಗೆ ಹಿಂಗೇ ಅಂತೆ, ಮೇಲಿನ ಕೋರ್ಟು.
ಮೂರು ವರ್ಷದ ಅಪೀಲು, ಹದಿನೈದು ನಿಮಿಷದ ವಾದ,
ಆಮೇಲೆ ಒಂದು ಪದ.
‘ಪುಟ ಕಮ್ಮಿ ಆಗ್ಯಾವ ಮಾಸ್ತರ,
ನಂದೂ ನಿಂದೂ ಇಬ್ಬರದೂ ಧಂದಾ ಹೋಯ್ತು’
ಝೆರಾಕ್ಸಿನ ಶರಣಪ್ಪ ನಗುತ್ತಾನೆ,
ಯಂತ್ರದ ಮುಚ್ಚಳ ತೆರೆದೇ ಇದೆ, ಬೆಳಕು ಖಾಲಿ ಓಡುತ್ತಿದೆ.

ಲಾಡ್ಲೇಸಾಬ ಹಾಳೆ ತಿರುಗಿಸಿ ನೋಡಿದ.
ಹಿಂದೆ ಏನೂ ಇಲ್ಲ.
ಬೆಳಕಿಗೆ ಹಿಡಿದ. ಮಡಚಿದ.
‘ನನ್ನ ತಗಡು ಕೊಡ್ತಾರೇನ್ರಿ?’

ಅದಕ್ಕೊಂದು ಅರ್ಜಿ ಇದೆ, ನಿಶಾನೆ ವಾಪಸಿಗೆ.
ಹೆಸರು, ಕೇಸಿನ ನಂಬರು, ವಸ್ತುವಿನ ವಿವರ, ಸ್ಟಾಂಪು.
ಆರನೇ ಕಾಲಂ: ಕಾರಣ.
ಕೆಳಗೆ ಸಣ್ಣ ಅಕ್ಷರದಲ್ಲಿ,
ಕಾರಣ ನಮೂದಿಸದ ಅರ್ಜಿಯನ್ನು ಪರಿಗಣಿಸಲಾಗುವುದಿಲ್ಲ.

ನಗು ಬಂತು, ನಗಲಿಲ್ಲ.
ಆ ಹದಿನೇಳು ಡಿಗ್ರಿ ಇನ್ನ ನಿನ್ನದಲ್ಲ ಸಾಬಣ್ಣ,
ಅದನ್ನ ಒಯ್ದು ಏನ್ ಮಾಡ್ತಿ, ಅಂದೆ.
‘ಡಿಗ್ರಿ ಅವರಿಗೇ ಇರ್ಲಿ.
ತಗಡು ನಂದದ.’

ಅಷ್ಟನ್ನೇ ಬರೆದೆ, ಅವನ ಮಾತಿನಲ್ಲೇ.
ಕಾಲಂ ಸಣ್ಣದಿತ್ತು;
ಕೊನೆಯ ಅಕ್ಷರ ಗೆರೆ ದಾಟಿ
ಸಾಹೇಬರ ಸಹಿಯ ಜಾಗಕ್ಕೆ ಹೋಯಿತು.