ಚಿಲ್ಲರೆ ಬಾಕಿ

ಬಾಲ ಸುತ್ತಿಕೊಂಡಿತ್ತು ಅಂತ ಕೋಡುಬಳೆ.
ಕೂಗಿ ಕೂಗಿ ಸವೆದು, ಕೋಡಿ.
ಹನ್ನೊಂದು ತಿಂಗಳು, ಆರು ದಿನ.
ಡಿಪೋ ಗೋಡೆ ಪಕ್ಕ ಸಿಕ್ಕ ದಿನವನ್ನೇ
ಹುಟ್ಟಿದ ದಿನ ಅಂತ ಗೋಡೆಗೆ ಗೀಚಿದ್ದ ಮಗ;
ಲೆಕ್ಕದಲ್ಲಿ ಒಂದೆರಡು ವಾರ ಹೆಚ್ಚು ಕಡಿಮೆ.

ಮೊದಲ ಪಾಳಿ. ಬೆಳಗಿನ ನಾಲ್ಕೂಕಾಲು.
ಹಾಲಿನ ಕ್ರೇಟು ಇಳಿಯುವ ಸದ್ದು ಬಿಟ್ಟರೆ
ನಮ್ಮ ಗಲ್ಲಿಯಲ್ಲಿ ಅವಳ ಉಗುರಿನ ಟಿಕ್ ಟಿಕ್ ಒಂದೇ.
ಡಿಪೋ ಗೇಟಿನ ತನಕ ಬಂದು
ಬಸ್ಸಿನ ಮೆಟ್ಟಿಲು ಮೂಸಿ ನಿಲ್ಲುವಳು.
ಚೆಲುವಯ್ಯ ಸ್ಟೇರಿಂಗಿನಿಂದಲೇ ಕೂಗುತ್ತಿದ್ದ:
"ಹತ್ತಿಸ್ಕೊಳ್ಳಿ ಮೇಡಂ, ಹೆಣ್ಣಲ್ವಾ, ಫ್ರೀ!"
ಒಂದು ದಿನ ತಮಾಷೆಗೆ ಸೊನ್ನೆ ಟಿಕೆಟ್ ಹರಿದೂ ಕೊಟ್ಟೆ.
ತಪ್ಪು, ಗೊತ್ತು.
ಕೊನೇ ಸ್ಟಾಪು ಒತ್ತಿದ್ದೆ, ಮಾರ್ಕೆಟ್ಟು.
ಅವಳು ಅದನ್ನು ಜಗಿದು ನುಂಗಿದಳು.

ಆ ಮಂಗಳವಾರವೂ ಗೇಟಿನ ತನಕ ಬಂದಿದ್ದಳು.
ಏಳೂವರೆಗೆ ಹೇಮಂತನ ಫೋನು:
"ಅಮ್ಮಾ, ಕೋಡಿ ಏಳ್ತಿಲ್ಲ."
ಟೌನ್‌ಹಾಲ್ ಹತ್ತಿರ, ನಿಂತವರ ನಡುವೆ ನುಗ್ಗುತ್ತ
ಒಳಗೆ ಹೋಗಿ, ಒಳಗೆ ಹೋಗಿ ಅನ್ನುತ್ತಿದ್ದೆ.
ಮಲಗಲಿ ಬಿಡು, ಅಂದೆ.
ಮಲಗಲಿ ಬಿಡು ಅಂದೆ.

ಹೆಬ್ಬಾಳದ ಆಸ್ಪತ್ರೆಯಲ್ಲಿ ಡಾಕ್ಟರು ಚಿಕ್ಕ ಹುಡುಗಿ,
ಇನ್ನೂ ಓದುತ್ತಿದ್ದಳೋ ಏನೋ.
ರೆಪ್ಪೆ ಎತ್ತಿದಳು, ವಸಡು ಒತ್ತಿದಳು.
"ಗಾಯ ಇಲ್ಲ, ನೊರೆ ಇಲ್ಲ.
ಕುಯ್ದು ನೋಡಿದ್ರೆ ಗೊತ್ತಾಗಬಹುದು.
ಗೊತ್ತಾಗದೇನೂ ಇರಬಹುದು."
ಬೇಡ ಅಂದೆ.
ಹಳೆಯ ಖಾಕಿ ಅಂಗಿಯಲ್ಲಿ ಸುತ್ತಿ ತಂದಿದ್ದೆ,
ಬಿಲ್ಲೆ ಚುಚ್ಚಿದ ಎರಡು ತೂತು
ಅವಳ ಪಕ್ಕೆಯ ಮೇಲೆ ಬಂದಿದ್ದವು.
ಒಂದೂವರೆ ಕೇಳಿದ್ದ ಆಟೋದವ
ಗಂಟು ನೋಡಿ ಮೀಟರು ಹಾಕಿದ.
ಸುಮನಹಳ್ಳಿಯ ಚಿತಾಗಾರದ ತನಕ
ಅವನೂ ಮಾತಾಡಲಿಲ್ಲ.

ಮತ್ತಿಕೆರೆಯಲ್ಲಿ ಕೆರೆಯಿಲ್ಲ, ಹೆಸರಿದೆ.
ಇನ್ನು ನಮ್ಮ ಮನೆಯಲ್ಲೂ ಹಾಗೇ.

ಸಾವಾದ ಮನೆಯಲ್ಲಿ ಒಲೆ ಹಚ್ಚಬಾರದು ಅಂತ
ಅಕ್ಕಪಕ್ಕದವರು ಅನ್ನ ಸಾರು ತರುತ್ತಾರೆ.
ನಾಯಿಗೆ ಯಾರು ತರುತ್ತಾರೆ?
ಕಾರಣ ತಂದರು.
ಕ್ರಿಸ್ಟೀನಮ್ಮ ಇಲಿಪಾಷಾಣ ತಂದರು.
ಹಾಲಿನ ಮುನಿರಾಜು, ಕೋಳಿ ಮೂಳೆ.
ಮಹಡಿ ಮನೆಯ ಫಾತಿಮಾಬಿ, ದೃಷ್ಟಿ:
ಅಷ್ಟು ಚೆಂದ ಇತ್ತಲ್ಲ ಬಾಲ.
ಇಸ್ತ್ರಿ ಗಾಡಿಯವನು ಹಾರ್ಟು ಅಂದ,
ಈಗ ಎಳೇ ವಯಸ್ಸಿನವರಿಗೂ ಆಗ್ತಿದೆಯಂತೆ.
ಓನರಮ್ಮ ಬಾಗಿಲಲ್ಲೇ ನಿಂತು
"ಇನ್ನೊಂದು ತರಬೇಡಿ" ಅಂದರು, ಮೆತ್ತಗೆ.

ತಂದವರ ಪಾತ್ರೆ ಖಾಲಿ ವಾಪಸು ಕೊಡಬಾರದು,
ಚಿಟಿಕೆ ಸಕ್ಕರೆಯಾದರೂ ಹಾಕು ಅನ್ನೋಳು ನಮ್ಮವ್ವ.
ಇವಕ್ಕೆ ಏನು ಹಾಕಿ ಕೊಡಲಿ?
ಇರಬಹುದು, ಅಂದೆ. ಎಲ್ಲರಿಗೂ ಅದನ್ನೇ.

ರಾತ್ರಿ ಮಾತ್ರ ನಾನೇ ಬೇಯಿಸಿಕೊಂಡೆ.
ಭಾನುವಾರ ಒಂದು ಸಲ ಕೆಮ್ಮಿದ್ದಳಾ?
ನೀರಿನ ಬಟ್ಟಲು ಎರಡು ದಿನ ತೊಳೆದಿರಲಿಲ್ಲ.
ನಾಲ್ಕು ತಿಂಗಳ ಹಿಂದಿನ ಆ ಟಿಕೆಟ್ಟಿನ ಕಾಗದ?
ಹೇಮಂತ ಕತ್ತಲಲ್ಲಿ ಕೇಳಿದ,
"ನಾನು ಬೇಗ ಎದ್ದಿದ್ರೆ?"
ಮಲಗಲಿ ಬಿಡು ಅಂದವಳು ನಾನು.
ಅದನ್ನವನು ಇವತ್ತಿನವರೆಗೂ
ಯಾರಿಗೂ ಹೇಳಿಲ್ಲ.

ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಹಿಂದೆ ಬರೆದು ಕೊಡುತ್ತೇನೆ,
ಐದು, ಎಂಟು, ಕೆಳಗೊಂದು ಗೆರೆ.
ಇಳಿಯುವಾಗ ಇಸ್ಕೊಳ್ಳಿ.
ಮರೆತು ಇಳಿದವರ ದುಡ್ಡು ಬ್ಯಾಗಿನಲ್ಲೇ ಉಳಿಯುತ್ತದೆ.
ಹಿಂದೆ ಓಡಿ ಕೊಡೋಣವೆಂದರೆ
ಮುಖ ನೆನಪಿರುವುದಿಲ್ಲ, ಬಸ್ಸು ಹೊರಟಿರುತ್ತದೆ.
ಈ ಮುಖ ನೆನಪಿದೆ.
ಸೊನ್ನೆ ಟಿಕೆಟ್ಟಿಗೆ ಬಾಕಿ ಇರುವುದಿಲ್ಲ,
ರೂಲ್ಸು ಪ್ರಕಾರ.
ಬ್ಯಾಗು ಭಾರ.

ನಾಲ್ಕೂಕಾಲಕ್ಕೆ ಮನೆಯ ಗೇಟು ಎಳೆಯುವ ಮುಂಚೆ
ಈಗಲೂ ಸ್ವಲ್ಪ ಹೊತ್ತು ಹಿಡಿದು ನಿಲ್ಲುತ್ತೇನೆ,
ಒಬ್ಬಳು ದಾಟುವಷ್ಟು ಹೊತ್ತು.
ಡಿಪೋದಲ್ಲಿ ಚೆಲುವಯ್ಯ ಹಾರನ್ನು ಒತ್ತುವುದಿಲ್ಲ,
ಮೆಟ್ಟಿಲ ಕಡೆ ನೋಡುವುದೂ ಇಲ್ಲ.
ಎಂಜಿನ್ನು ನಡುಗುತ್ತಿರುತ್ತದೆ.
ಸೀಟಿ ಬಾಯಲ್ಲೇ ಇಟ್ಟುಕೊಂಡು ನಿಂತಿರುತ್ತೇನೆ.
ಆಮೇಲೆ,
ರೈಟ್.