ಪಾಲೆನ್ನಿ

ಅಮರಾಪುರದ ರಸ್ತೆಗೆ ಬೆನ್ನು ಹಾಕಿ ನಿಂತ ಒಂದೇ ಕೋಣೆ,
ಅದೇ ನಮ್ಮೂರ ಡೈರಿ. ಬೆಳಗಿನ ಐದೂವರೆಗೆ
ಬೀಗ ತೆಗೆದು, ತಕ್ಕಡಿಯ ಸೊನ್ನೆ ಸರಿಮಾಡಿ,
ಪುಸ್ತಕ ಬಿಚ್ಚುತ್ತೇನೆ. ಪುಸ್ತಕ ತೆಲುಗು. ನಾನು ಕನ್ನಡ.
ಹಾಕುವವರೂ ಕನ್ನಡ. ಎಮ್ಮೆಗಳದು ಗೊತ್ತಿಲ್ಲ.

ಮೊದಲ ಸಾಲಿಗೆ ಹೆಸರು, ಪಕ್ಕದ್ದಕ್ಕೆ ಪಾಲು,
ಆಮೇಲೆ ಫ್ಯಾಟು, ಡಿಗ್ರಿ, ರೂಪಾಯಿ.
ಪಾಲು ಅಂದರೆ ತೆಲುಗಲ್ಲಿ ಹಾಲು. ಅಕ್ಷರಗಳೋ,
ಆ ಕಡೆಯವೂ ಈ ಕಡೆಯವೂ ಒಂದೇ ಹೊಟ್ಟೆಯವು,
ತಲೆಕಟ್ಟು ಮಾತ್ರ ಬೇರೆ.
ಐದನೇ ಕ್ಲಾಸು ಕನ್ನಡ ಓದಿದವರು ಸಲೀಸಾಗಿ ಓದುತ್ತಾರೆ.

ಈರಲಕ್ಕನದು ಐದನೇ ಕ್ಲಾಸು.

ಹನ್ನೊಂದು ವರ್ಷದಿಂದ ಅಣ್ಣನ ಕೊಟ್ಟಿಗೆಯ ಮೂಲೆಯಲ್ಲಿ
ತನ್ನದೊಂದು ಎಮ್ಮೆ ಕಟ್ಟಿಕೊಂಡವಳು.
ಗಂಡನ ಮನೆಯ ಮಾತು ಅವಳೂ ಎತ್ತುವುದಿಲ್ಲ,
ನಾವೂ ಕೇಳುವುದಿಲ್ಲ.
ಯುಗಾದಿ ಕಳೆದ ವಾರ ಅಣ್ಣಂದಿರು ಮಡಕಶಿರಾಕ್ಕೆ ಹೋಗಿ
ಪಾಲು ಪಾರೀಕತ್ತು ಬರೆಸಿ ಬಂದರು.
ಮೂಡ್ಲಗಿರಿಯಪ್ಪನಿಗೆ ಬಾವಿ ಹೊಲ,
ಸಣ್ಣರಂಗಪ್ಪನಿಗೆ ಹುಣಸೆಮರದ ಹೊಲ,
ಬಂಡೆಗಲ್ಲಿನ ಜಾಗ ಇಬ್ಬರಿಗೂ ಸಮ.
ಪತ್ರದಲ್ಲಿ ಹುಣಸೆಮರದ ಹೆಸರಿತ್ತು.
ಅವಳದಿರಲಿಲ್ಲ.

ಮಾರನೇ ಬೆಳಿಗ್ಗೆ ಕ್ಯಾನಿಟ್ಟು, ಪುಸ್ತಕದ ಮೇಲೆ ಬಗ್ಗಿ,
ಒದ್ದೆ ಬೆರಳೆಳೆದು ಓದಿದಳು:
"ಈರಲಕ್ಕ. ಪಾಲು. ಎರಡೂವರೆ."
ಓದಿ, ನನ್ನ ಮುಖ ನೋಡಿದಳು.
"ನೀನಾದರೂ ಬರದಿದ್ದೀಯಲ್ಲವ್ವ."

ಅದು ಹಾಲು ಅಂತ ಹೇಳಬೇಕಿತ್ತು.
ಲ್ಯಾಕ್ಟೋಮೀಟರು ಮುಳುಗಿಸಿ
ಅದು ತೇಲಿ ನಿಲ್ಲುವವರೆಗೂ ಅದನ್ನೇ ನೋಡಿದೆ.

ಸ್ಕೂಲಲ್ಲಿ ಪಾಂಡುರಂಗಪ್ಪ ಮೇಷ್ಟ್ರು ಹೇಳಿದ್ದುಂಟು:
ಒಂದು ಕಾಲಕ್ಕೆ ನಮ್ಮಲ್ಲೂ ಹಾಲು ಪಾಲೇ,
ಹೂವು ಪೂವು, ಹಲ್ಲು ಪಲ್ಲು.
ಆಡಿ ಆಡಿ ತುಟಿ ಸೋತು
ಪಕಾರ ಬರೀ ಉಸಿರಾಯಿತು.
"ಮತ್ತೆ ಪಾಲು ಯಾಕೆ ಸಾರ್ ಪಾಲಾಗೇ ಉಳೀತು?"
ಮೇಷ್ಟ್ರು ಅಂಗೈಯ ಸೀಮೆಸುಣ್ಣ ಉಜ್ಜಿಕೊಂಡು ನಕ್ಕರು.
"ಹಾಲಾದರೆ ಹಂಚಿ ಕುಡೀತಾರೆ. ಪಾಲು ಅಂದಾಗ
ತುಟಿ ಬಿಗಿ ಹಿಡೀತಾರೆ ಕಣಮ್ಮ, ಯಾರು ಬಿಡ್ತಾರೆ?"
ಅದು ವ್ಯಾಕರಣವೋ, ಅವರ ಮನೆಯ ವ್ಯಾಜ್ಯವೋ,
ಪರೀಕ್ಷೆಗೆ ಬರಲಿಲ್ಲ.

ತೆಲುಗಿನವರಿಗೆ ಈ ತಾಪತ್ರಯವಿಲ್ಲ.
ಹಾಲೂ ಪಾಲು, ಪಾಲೂ ಪಾಲು.
ಬೇರು ಬೇರೆಬೇರೆಯಂತೆ,
ಗುರುತಿಲ್ಲದ ಇಬ್ಬರು ಒಂದೇ ಅಂಗಿ ತೊಟ್ಟ ಹಾಗೆ,
ಆದರೂ ಒಂದೇ ಪಾತ್ರೆಯಲ್ಲಿಟ್ಟು
ಒಡೆಯದಂತೆ ಕಾಯಿಸುತ್ತಾರೆ.
ನಮ್ಮಲ್ಲಿ ನೋಡಿ, ನಾಲಿಗೆ ತುಸು ಹಿಂದಕ್ಕೆ ಮಡಿಚಿದರೂ
ಹಾಲು ಹಾಳು.

ಆವತ್ತಿನಿಂದ ಈರಲಕ್ಕ ಚೀಟಿ ಬಿಸಾಡುವುದಿಲ್ಲ.
ಎಲೆಅಡಿಕೆ ಚೀಲದಲ್ಲಿ ಮಡಿಚಿ ಮಡಿಚಿ ಇಡುತ್ತಾಳೆ,
ಸುಣ್ಣ ಹತ್ತಿದ ಮೂಲೆಯನ್ನು ಉಗುರಿನಿಂದ ಕೆರೆದು.
ದೊಡ್ಡಣ್ಣ ಒಂದು ಸಂಜೆ ಸಮಾಧಾನಕ್ಕೆಂದು
"ಪಾಲಿಗೆ ಬಂದದ್ದು ಪಂಚಾಮೃತ ಕಣವ್ವ" ಎಂದನಂತೆ.
"ಹೌದಣ್ಣ, ಅದರಲ್ಲಿ ಹಾಲು ನಂದೇ.
ಮಿಕ್ಕ ನಾಲ್ಕು ಎಲ್ಲಿ?" ಎಂದಳಂತೆ.
ಅವನು ಎದ್ದು ಬಾವಿಯ ಮೋಟರು ನೋಡಲು ಹೋದನಂತೆ.
ಕರೆಂಟು ಇರಲಿಲ್ಲ.

ಆರೂಮುಕ್ಕಾಲಿಗೆ ಹಿಂದೂಪುರದ ಲಾರಿ.
ಶೇಕ್ಷಾವಲಿ ಬಾಗಿಲಿಂದಲೇ ಕೂಗುತ್ತಾನೆ:
"ಪಾಲೆನ್ನಿ?"
ಹಾಲೆಷ್ಟು ಅಂತ ಅವನ ಪ್ರಶ್ನೆ.
ನಮ್ಮ ಕಿವಿಗೆ ಅದು ಪ್ರಶ್ನೆಯೇ ಅಲ್ಲ,
ಅಪ್ಪಣೆ.

ನಾನು ಲೆಕ್ಕ ಕೂಡಿ ನೂರಾ ನಲವತ್ತು ಎನ್ನುವ ಮೊದಲೇ
ಖಾಲಿ ಕ್ಯಾನು ಹಿಡಿದು ಕಟ್ಟೆಯ ಮೇಲೆ ನಿಂತವಳು
ತುಟಿ ಬಿಗಿ ಹಿಡಿದು, ಬಿಟ್ಟು,
"ಪಾಲು" ಎನ್ನುತ್ತಾಳೆ.

"ಆ, ಪಾಲೇ ಅಕ್ಕಾ," ಅವನು ನಗುತ್ತಾನೆ,
ಕಿವಿಯ ಪೆನ್ನು ತೆಗೆದು. "ಎನ್ನಿ?"

"ಪಾಲು."