ಗುನಿಯಾ

ಹಡಗು ಇಳಿದು, ಲಾರಿ ಏರಿ
ಗಂಜಿನ ನಮ್ಮ ಗಿರಣಿಗಿ ಬಂತು ಆಫ್ರಿಕಾದ ತೊಗರಿ.
ನೂರಾ ಹದಿನೇಳನೇ ಚೀಲ ಕಾಟಾದ ಮ್ಯಾಲ ಇಟ್ಟಾಗ
ಹೊಲಿಗಿ ಬಾಯಾಗಿಂದ ಇಣುಕಿತ್ತು ಒಂದು ಚೀಟಿ.
ಗೆರಿ ಹೊಡದ ಹಾಳಿ, ಮೂರು ಕಡಿ ಹರದದ್ದು,
ನೀಲಿ ಪೆನ್ನು. ಅಕ್ಷರ ಇಂಗ್ಲೀಷು, ಭಾಷಾ ಅಲ್ಲ.

ಖಾಜಾಮಿಯಾ ಚಷ್ಮಾ ಏರಿಸಿ ಕೂಡಿಸಿ ಓದಿದ.
ಕೊನೀ ಶಬ್ದ ಕಾಜಿ. ಕಾಜಿ ಅಂದ್ರ ನಿಕಾ ಓದೋರು.
‘ಅಂಬಾರಾಯ, ಇದು ಲಗ್ನದ ಕಾಗದ ಮಾರಾಯ,
ತೊಗರಿ ಜೋಡಿ ನಿಂಗೂ ಕರದಾರ.’
ಹಮಾಲರು ನಕ್ಕರು. ನಾನೂ ನಕ್ಕು
ಅಂಗಿ ಜೇಬಿನ್ಯಾಗ ಇಟ್ಟುಕೊಂಡೆ.

ಸಾವಕಾರರ ಮಗ ಫೋನ್ ತಗದ:
‘ಕೊಡ್ರಿ ಕಾಕಾ, ಫೋಟೋ ಹೊಡದ್ರ ಚಿಟಕಿಯಾಗ ಕನ್ನಡ.’
ಯಾಕೋ ಜೇಬಿನ ಮ್ಯಾಲ ಕೈ ಇಟ್ಟೆ.
ಮೂವತ್ತೊಂದು ವರ್ಷ ಮಂದೀ ಮಾಲಿನ ತೂಕ ಬರದೀನಿ,
ನನ್ನ ಹೆಸರಿಗಿ ಬಂದದ್ದು ಬಿಲ್ಲು, ನೋಟೀಸು.
ಇದು ಯಾರ ಹೆಸರಿಗೂ ಇಲ್ಲ,
ಅದಕ್ಕೇ ನಂದು.

ಖೂಬಾ ಪ್ಲಾಟಿನ್ಯಾಗ ಇದ್ದು ಫಾರ್ಮಸಿ ಓದೋ ಹುಡುಗಿ ನೀಮಾ,
ಟಾಂಜಾನಿಯಾದಾಕಿ, ಶನಿವಾರ ಬ್ಯಾಳಿ ಒಯ್ಯಲಾಕ ಬರ್ತಾಳ.
ಚೀಟಿ ನೋಡಿ ಬಾಯಿ ತಗದಳು.
‘ಹೇಳಬ್ಯಾಡವ್ವ’ ಅಂದೆ. ‘ಕಲಸು.’

ಐವತ್ತೆಂಟಕ್ಕ ನಾಲಿಗಿ ಅನ್ನೋದು ಹಳೀ ಎತ್ತು,
ಎತ್ತ ಹೊಡದ್ರೂ ಗುರ್ತಿನ ಹೊಲಕ್ಕೇ ತಿರಗತಾದ.
ತೊಗರಿಗಿ ಅವರು ಮ್ಬಾಜಿ ಅಂತಾರ.
ಮೊದಲ ತುಟಿ ಮುಚ್ಚಬೇಕು,
ಮುಚ್ಚಿದ ತುಟಿಯೊಳಗ ಒಂದು ಮ್, ಆಮ್ಯಾಲ ಬಾ.
ಹಿತ್ತಲದಾಗ ನಿಂತು ಮ್ಬಾ, ಮ್ಬಾ ಅಂತಿದ್ರ
ಯಾರ ಮನೀ ಕರಾ ಹೊಕ್ಕದೋ ಅಂತ
ಜಗದೇವಿ ಕೋಲು ಹಿಡಕೊಂಡು ಬಂದಳು.

ಹಸಿವ್ಯಾಗ್ಯಾದ ಅನ್ನಲಾಕ: ನಿನಾ ನ್ಜಾ.
ನಾನು ಹಸಿವಿನ ಜೋಡಿ ಇದ್ದೀನಿ, ಅಂತ ಅರ್ಥ.
ನಮ್ಮಲ್ಲಿ ಹಸಿವು ತಾನೇ ಬಂದು ನಮಗ ಆಗತಾದ,
ಅವರು ಅದರ ಬಾಜೂಕ ಕುಂತಿರತಾರ, ಬೀಗರಂಗ.
ಇದನ್ನೇ ವಿಚಾರ ಮಾಡಕೋತ ಬಸ್ ಸ್ಟ್ಯಾಂಡ್ ತನಕ ನಡದೆ,
ಊಟದ ಡಬ್ಬಿ ಗಿರಣಿಯಾಗೇ ಮರತು.

ಅವರ ಗಡಿಯಾರ ಹೊತ್ತು ಹುಟ್ಟಿದ ಮ್ಯಾಲ ಶುರು.
ನಮ್ಮ ಏಳು ಅವರಿಗಿ ಒಂದು.
ಒಂದು ವಾರ ಎಲ್ಲಿಗೂ ನಾ ಟೈಮಿಗಿ ಮುಟ್ಟಲಿಲ್ಲ.
ನೀಮಾನ ಅಕ್ಕನ ಮಗ, ಮೂರು ವರ್ಷದಾಂವ,
ಫೋನಿನ್ಯಾಗ ನನ್ನ ತಪ್ಪು ತಿದ್ದಿ, ಬ್ಯಾಸತ್ತು ಎದ್ದು ಹೋದ.
ಕಿತಾಬು, ದುನಿಯಾ, ಸಾಬುನಿ ಮಾತ್ರ
ದಿನಾ ಖಾಜಾಮಿಯಾನ ಬಾಯಾಗ ಕೇಳಿದವೇ,
ಬ್ಯಾರೆ ಅಂಗಿ ಹಾಕ್ಕೊಂಡು ನಿಂತಿದ್ದವು.

ಎಂಟನೇ ತಿಂಗಳು, ದೀಪಾವಳಿ ಲೆಕ್ಕ ಮುಗಿಸಿದ ರಾತ್ರಿ
ಚೀಟಿ ಬಿಚ್ಚಿದೆ. ಮೊದಲನೇ ಶಬ್ದ ಗುನಿಯಾ.
ಗೋಣಿ!
ಇಷ್ಟು ದಿನ ಕಣ್ಣೆದುರಿಗೇ ಕುಂತಿತ್ತು.
ಯಾವ ಕಾಲದಾಗ ಯಾವ ಹಡಗು ಹತ್ತಿ
ಖಾಲಿ ಹೋಗಿತ್ತೋ,
ತುಂಬಿಕೊಂಡು ಬಂದದ.

‘ಈ ಚೀಲಕ್ಕ ತೂತು ಬಿದ್ದದ.’
‘ಇಷ್ಟಕ್ಕ ಎಂಟು ತಿಂಗಳಾ?’ ಅಂದಳು ಜಗದೇವಿ.
ಚೋಪಡಿ ತಗದು ನೋಡಿದೆ:
ನೂರಾ ಹದಿನೇಳು, ಒಂದೂವರಿ ಕಿಲೋ ಕಮ್ಮಿ. ನನ್ನದೇ ಅಕ್ಷರ.

ಕೆಳಗ ಇನ್ನೊಂದು ಸಾಲು: ಪೋಲೆ ನಾ ಕಾಜಿ.
ಕಾಜಿ ಅಂದ್ರ ಕೆಲಸ.
ಪೋಲೆ ಅಂದ್ರ... ಇಲ್ಲಿ ನನ್ನ ಕನ್ನಡ ನಿಂತು ಹೋಯ್ತು.
ಪಾಪ ಅನ್ನಬಹುದು. ಖರೆ ಪಾಪ ಅನ್ನೋದು
ನಾವು ಆಚಿ ಹೋದವರಿಗಿ, ಬೆನ್ನಿಗಿ.
ಇದು ಮಾರಿಗಿ ಮಾರಿ ಕೊಟ್ಟು ಅನ್ನೋದಂತ,
ದುಡಿಯೋರನ್ನ ಕಂಡು, ದಾರಿ ಹಿಡದು ಹೋಗೋರು,
ತಪ್ಪು ತಮ್ಮದು ಇಲ್ಲದಿದ್ರೂ.

ಮರುದಿನ ಭೀಮಶ್ಯಾ ಬೆನ್ನು ಬಗ್ಗಿಸಿ
ಚೀಲ ಹೊತ್ತು ಬಂದ. ಕಿವಿಯೊಳಗೆಲ್ಲಾ ತೌಡು.
‘ಪೋಲೆ ನಾ ಕಾಜಿ’ ಅಂದೆ.
‘ಏನ್ರೀ?’
‘ಏನಿಲ್ಲ’ ಅಂದೆ. ‘ಐವತ್ತು. ಬರಾಬರಿ ಅದ.’